ನಿಮಗಿದು ಗೊತ್ತೆ? ಕಿಲೋಮೀಟರ್ ಲೆಕ್ಕದಲ್ಲಿ ಬಸ್ ಗುತ್ತಿಗೆ!

ಬೆಂಗಳೂರಿನಲ್ಲಿ ಓಡುವ ಬಿಎಂಟಿಸಿ ಎಲೆಕ್ಟ್ರಿಕ್ ಬಸ್ಸುಗಳು ನಿಗಮದ ಸ್ವಂತದ್ದಲ್ಲ. ಟೆಂಡರ್‌ನಲ್ಲಿ ಕಂಪನಿಗಳು ಹೇಳುವುದು ಕಿಲೋಮೀಟರಿಗೆ ಇಷ್ಟು ರೂಪಾಯಿ ಎಂಬ ದರ. ಬಸ್ಸು, ಬ್ಯಾಟರಿ, ರಿಪೇರಿ, ಚಾಲಕರ ಸಂಬಳ ಎಲ್ಲವೂ ಗುತ್ತಿಗೆ ಪಡೆದವರ ಹೊಣೆ. ಕಂಡಕ್ಟರ್ ಮಾತ್ರ ನಿಗಮದವರು. ಟಿಕೆಟ್ ಹಣವೂ ನಿಗಮಕ್ಕೇ.

2022ರಲ್ಲಿ ಬೆಂಗಳೂರು, ದೆಹಲಿ, ಕೋಲ್ಕತ್ತ, ಹೈದರಾಬಾದ್, ಸೂರತ್ ನಗರಗಳಿಗಾಗಿ ಕೇಂದ್ರದ ಸಿಇಎಸ್‌ಎಲ್ ಸಂಸ್ಥೆ 5,450 ಬಸ್ಸುಗಳಿಗೆ ಒಟ್ಟಾಗಿ ಟೆಂಡರ್ ಕರೆಯಿತು. ದೊಡ್ಡ ಬೇಡಿಕೆ ಕಂಡು ದರ ಹಿಂದಿಗಿಂತ ಚೆನ್ನಾಗಿಯೇ ಇಳಿಯಿತು. ಅದರಲ್ಲಿ ಬಿಎಂಟಿಸಿ ಪಾಲಿಗೆ ಬಂದದ್ದು 12 ಮೀಟರ್ ಉದ್ದದ 921 ಟಾಟಾ ಬಸ್ಸುಗಳು, 12 ವರ್ಷದ ಗುತ್ತಿಗೆಗೆ. ಸೀಟು ಖಾಲಿಯಿದ್ದರೂ ಓಡಿದ ಕಿಲೋಮೀಟರಿಗೆ ನಿಗಮ ಹಣ ಕೊಡಲೇಬೇಕು. ಹಾಗಾಗಿ ಯಾವ ಮಾರ್ಗಕ್ಕೆ, ಯಾವ ಹೊತ್ತಿಗೆ ಬಸ್ ಬಿಡಬೇಕೆಂಬ ನಿರ್ಧಾರ ಟೆಂಡರ್‌ನಷ್ಟೇ ಮುಖ್ಯ.