ದಿನಕ್ಕೆ ಮೂರು ಸಾಲು: ಬರೆಯುವ ಅಭ್ಯಾಸ ಬೆಳೆಸುವ ಬಗೆ



ನಮ್ಮ ಕರಾವಳಿಯ ಯಾವುದೇ ಧರ್ಮಕೇಂದ್ರದಲ್ಲಿ ಶತಮಾನೋತ್ಸವ ಹತ್ತಿರ ಬಂದಾಗ ಸ್ಮರಣ ಸಂಚಿಕೆಗೆ ಒಂದು ಸಮಿತಿ ರಚನೆಯಾಗುತ್ತದೆ. ಜಾಹೀರಾತು ಸಂಗ್ರಹಿಸಲು ಜನ ಸಿಗುತ್ತಾರೆ, ಶುಭ ಸಂದೇಶಗಳು ಬರುತ್ತವೆ, ಹಳೆಯ ಫೋಟೊಗಳೂ ಸಿಗುತ್ತವೆ. ಚರಿತ್ರೆ ಬರೆಯುವಾಗ ಮಾತ್ರ ಹಿಂದಿನ ಸಂಚಿಕೆಯಲ್ಲಿದ್ದುದನ್ನೇ ಇಳಿಸಿ, ಕೊನೆಗೆ ನಾಲ್ಕು ಸಾಲು ಸೇರಿಸಿ ಮುಗಿಸುವುದು ರೂಢಿಯಾಗಿಬಿಟ್ಟಿದೆ. ಹಳೆಯ ಇಗರ್ಜಿಯ ತೊಲೆಗಳು ಎಲ್ಲಿಂದ ಬಂದವು, ನೆರೆ ಬಂದ ವರ್ಷ ಯಾರ ಯಾರ ಮನೆಗೆ ನೀರು ನುಗ್ಗಿತ್ತು, ದೋಣಿಯಲ್ಲಿ ಬಂದು ರೋಗಿಗಳಿಗೆ ಪರಮಪ್ರಸಾದ ಕೊಟ್ಟ ವಿಗಾರರು ಯಾರು ಎಂಬುದನ್ನೆಲ್ಲ ಬಲ್ಲ ಅಜ್ಜ, ಸಮಿತಿ ರಚನೆಯಾಗುವ ಎರಡು ವರ್ಷ ಮೊದಲೇ ದೈವಾಧೀನರಾಗಿರುತ್ತಾರೆ. ಅವರು ಅದನ್ನೆಲ್ಲ ಜಗಲಿಯಲ್ಲಿ ಕುಳಿತು ನೂರು ಸಲ ಹೇಳಿದ್ದರು. ಬರೆದುಕೊಂಡವರು ಯಾರೂ ಇಲ್ಲ.

ನಮ್ಮವರಿಗೆ ಬರೆಯಲು ಬರುವುದಿಲ್ಲವೆಂದಲ್ಲ. 'ನೀವೇ ಬರೆಯಬಾರದೇ?' ಎಂದು ಕೇಳಿದಾಗ ನಮಗೆ ಸಿಗುವ ಉತ್ತರ ಹೆಚ್ಚಾಗಿ ಒಂದೇ: 'ಪುರುಸೊತ್ತಿಲ್ಲ ಫಾದರ್. ಪುರುಸೊತ್ತಾದಾಗ ಕುಳಿತು ಪೂರ್ತಿ ಬರೆಯುತ್ತೇನೆ.' ಆ ಪುರುಸೊತ್ತು ಬರುವುದೇ ಇಲ್ಲ. ತೊಂದರೆ ಇರುವುದು ಸಮಯದಲ್ಲಲ್ಲ, 'ಪೂರ್ತಿ' ಎಂಬ ಆ ಮಾತಿನಲ್ಲಿ ಎಂಬುದು ನಮ್ಮ ಅಭಿಪ್ರಾಯ.

ನಮ್ಮ ಇಗರ್ಜಿಗಳ ರಿಜಿಸ್ಟರುಗಳನ್ನೇ ನೋಡಿ. ಪ್ರತಿಯೊಂದು ಧರ್ಮಕೇಂದ್ರದಲ್ಲೂ ಜ್ಞಾನಸ್ನಾನ, ವಿವಾಹ ಮತ್ತು ಮರಣದ ಪುಸ್ತಕಗಳಿರಬೇಕೆಂದು 1983ರ ಧರ್ಮಸಭೆಯ ಕಾನೂನು ಸಂಹಿತೆಯ 535ನೇ ಕಟ್ಟಳೆ ವಿಧಿಸುತ್ತದೆ. ಆ ಪುಸ್ತಕಗಳನ್ನು ಯಾರೂ ಪುರುಸೊತ್ತಿನಲ್ಲಿ ಕುಳಿತು ಪೂರ್ತಿ ಬರೆದದ್ದಲ್ಲ. ಒಂದು ಮಗುವಿಗೆ ಒಂದು ನಮೂದು, ಒಂದು ಮದುವೆಗೆ ಒಂದು ನಮೂದು. ಒಬ್ಬ ಗುರುಗಳು ವರ್ಗವಾಗಿ ಹೋದರೆ ಮತ್ತೊಬ್ಬರ ಅಕ್ಷರ ಮುಂದುವರಿಯುತ್ತದೆ. ನೂರು ವರ್ಷಗಳಲ್ಲಿ ಅದು ಕಪಾಟು ತುಂಬುವಷ್ಟಾಗುತ್ತದೆ. ಆದರೆ ಅದರಲ್ಲಿರುವುದು ಹೆಸರು ಮತ್ತು ತಾರೀಕು. ಆ ಜನ ಹೇಗೆ ಬದುಕಿದರು ಎಂಬುದು ಅಲ್ಲಿ ಸಿಗದು. ಅದನ್ನು ಮನೆಮನೆಯಲ್ಲೇ ಬರೆಯಬೇಕು.

ನಮ್ಮದೇ ಒಂದು ಸೋಲನ್ನು ಹೇಳುತ್ತೇವೆ. ಗುರುಮಠದಲ್ಲಿದ್ದಾಗ ಒಂದು ಧ್ಯಾನಕೂಟದ ಉತ್ಸಾಹದಲ್ಲಿ ದಿನಕ್ಕೆರಡು ಪುಟ ದಿನಚರಿ ಬರೆಯುವ ಸಂಕಲ್ಪ ಮಾಡಿ, ಜನವರಿ ಒಂದರಂದು ದಪ್ಪ ಡೈರಿಯೊಂದನ್ನು ಆರಂಭಿಸಿದ್ದೆವು. ಜನವರಿ ಮುಗಿಯುವ ಮೊದಲೇ ಅದು ನಿಂತಿತು. ಒಂದು ದಿನ ತಪ್ಪಿತು, ಮರುದಿನ ನಾಲ್ಕು ಪುಟದ ಸಾಲ ಬಿತ್ತು, ಅದರ ಮರುದಿನ ಆರು. ಮತ್ತೆ ಆ ಡೈರಿಯನ್ನು ತೆರೆಯಲು ನಾಚಿಕೆಯಾಯಿತು. ಉಳಿದ ಪುಟಗಳು ಧೋಬಿಯ ಲೆಕ್ಕಕ್ಕೆ ಉಪಯೋಗವಾದವು!

ಅದೇ ಗುರುಮಠದಲ್ಲಿ ಸಂತ ಇಗ್ನೇಷಿಯಸ್ ಲೊಯೋಲರ 'ಆಧ್ಯಾತ್ಮಿಕ ಸಾಧನೆಗಳು' ಪುಸ್ತಕವನ್ನೂ ನಮಗೆ ಕಲಿಸಿದ್ದರು. 1548ರಲ್ಲಿ ಮುದ್ರಣಗೊಂಡ ಆ ಪುಸ್ತಕದಲ್ಲಿ 'ವಿಶೇಷ ಆತ್ಮಶೋಧನೆ' ಎಂಬ ಕ್ರಮವಿದೆ. ಎಲ್ಲಾ ದುರ್ಗುಣಗಳನ್ನು ಒಮ್ಮೆಲೇ ಬಿಡಲು ಹೊರಡದೆ ಒಂದನ್ನೇ ಆರಿಸಿಕೊಳ್ಳಬೇಕು. ಕಾಗದದಲ್ಲಿ ದಿನಕ್ಕೆ ಎರಡು ಗೆರೆ ಎಳೆದು, ಎಡವಿದಾಗಲೆಲ್ಲ ಆ ಗೆರೆಯ ಮೇಲೆ ಒಂದು ಚುಕ್ಕೆ ಇಡಬೇಕು. ಮಧ್ಯಾಹ್ನದ ಲೆಕ್ಕವನ್ನು ರಾತ್ರಿಯದರೊಡನೆ, ಇಂದಿನದನ್ನು ನಿನ್ನೆಯದರೊಡನೆ, ಈ ವಾರದ್ದನ್ನು ಹಿಂದಿನ ವಾರದ್ದರೊಡನೆ ಹೋಲಿಸಬೇಕು. ಬರೆಯುವ ಅಭ್ಯಾಸಕ್ಕೂ ಇದೇ ದಾರಿ ಸಾಕೆಂದು ನಮಗೆ ಹೊಳೆದದ್ದು ಬಹಳ ತಡವಾಗಿ.

ಇಂದಿನ ಸಂಶೋಧಕರೂ ಈ ವಿಷಯವನ್ನು ಪರೀಕ್ಷಿಸಿದ್ದಾರೆ. ಲಂಡನಿನ ಯುನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಮಂದಿಯನ್ನು 12 ವಾರಗಳ ಕಾಲ ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಊಟದೊಂದಿಗೆ ಹಣ್ಣು ತಿನ್ನುವುದು, ನೀರು ಕುಡಿಯುವುದು, ಓಡುವುದು ಇಂಥ ಒಂದು ಕೆಲಸವನ್ನು ಪ್ರತಿಯೊಬ್ಬರೂ ದಿನವೂ ಒಂದೇ ಸಂದರ್ಭದಲ್ಲಿ ಮಾಡಬೇಕಿತ್ತು. ಅದು ತಾನಾಗಿಯೇ ನಡೆಯುವಂತಾಗಲು ಬೇಕಾದ ಕಾಲದ ಮಧ್ಯಾಂಕ 66 ದಿನ. ಆದರೆ ಒಬ್ಬರಿಗೆ 18 ದಿನ ಸಾಕಾದರೆ ಇನ್ನೊಬ್ಬರಿಗೆ 254 ದಿನ ಬೇಕಾಗಬಹುದೆಂದು ಲೆಕ್ಕ ತೋರಿಸಿತು. 21 ದಿನದಲ್ಲಿ ಅಭ್ಯಾಸವಾಗುತ್ತದೆ ಎಂದು ಶಿಬಿರಗಳಲ್ಲಿ ಹೇಳುವುದನ್ನು ಕೇಳಿ, 22ನೇ ದಿನ ನಿರಾಶರಾದವರಿಗೆ ಇದು ಸಮಾಧಾನದ ಸುದ್ದಿ. ಇನ್ನೂ ಒಂದು ಸಮಾಧಾನವಿದೆ: ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸಕ್ಕೆ ಹೇಳಿಕೊಳ್ಳುವಂಥ ಧಕ್ಕೆಯಾಗಲಿಲ್ಲ.

ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಬಾಯ್ಸ್ ಅವರು ಬರೆಯಲಾಗದೆ ಒದ್ದಾಡುವ ಕಾಲೇಜು ಅಧ್ಯಾಪಕರ ನಡುವೆ ಕೆಲಸ ಮಾಡಿದವರು. ರಜೆಗಾಗಿ ಕಾದು ಒಮ್ಮೆಲೇ ಬರೆಯುವವರಿಗಿಂತ ದಿನವೂ ಸ್ವಲ್ಪ ಹೊತ್ತು ಬರೆಯುವವರೇ ಹೆಚ್ಚು ಬರೆಯುತ್ತಾರೆಂದು ಅವರು ಕಂಡುಕೊಂಡರು. ಸಮಯವಾದಾಗ ನಿಲ್ಲಿಸುವುದನ್ನೂ ಕಲಿಯಬೇಕೆಂದು ಅವರು ಹೇಳುತ್ತಿದ್ದರು. ನಾಳೆಗೂ ಬರೆಯುವ ಆಸೆ ಉಳಿಯಬೇಕಲ್ಲ!

ಆದರೆ ನಮಗೆ ಹೆಚ್ಚು ಹತ್ತಿರವಾದ ಉದಾಹರಣೆ ಬಾಲಯೇಸುವಿನ ಸಂತ ತೆರೇಸಾ. ಇಂದು 'ಒಂದು ಆತ್ಮದ ಕಥೆ'ಯೆಂದು ಲೋಕವೇ ಓದುವ ಪುಸ್ತಕವನ್ನು ಬರೆಯಲು ಅವರಿಗೆ ಯಾರೂ ರಜೆ ಕೊಟ್ಟಿರಲಿಲ್ಲ. 1894ರ ಚಳಿಗಾಲದ ಒಂದು ಸಂಜೆ, ಫ್ರಾನ್ಸಿನ ಲಿಸಿಯು ಕಾರ್ಮೆಲ್ ಮಠದಲ್ಲಿ ತೆರೇಸಾ ತಮ್ಮ ಬಾಲ್ಯದ ಸಂಗತಿಗಳನ್ನು ಹೇಳುತ್ತಿದ್ದಾಗ, ಇವನ್ನೆಲ್ಲ ಬರೆದಿಡಬೇಕೆಂಬ ಸಲಹೆ ಅಕ್ಕ ಮರಿಯಳಿಂದ ಬಂತು. ಆಗ ಮಠದ ಮುಖ್ಯಸ್ಥೆಯಾಗಿದ್ದ ಇನ್ನೊಬ್ಬ ಅಕ್ಕ, ಮದರ್ ಆಗ್ನೆಸ್, ಹಾಗೆಯೇ ಆಜ್ಞೆ ಮಾಡಿದರು. 1895ರ ವರ್ಷವಿಡೀ ತೆರೇಸಾ ಮಠದ ಕೆಲಸ, ಪ್ರಾರ್ಥನೆ ಎಲ್ಲವನ್ನೂ ಮುಗಿಸಿ, ಬಿಡುವಿನ ವೇಳೆಯಲ್ಲಿ ಶಾಲಾ ಮಕ್ಕಳ ನೋಟ್‌ಬುಕ್ಕಿನಲ್ಲಿ ಬರೆದರು. 1896ರ ಜನವರಿ 20ರಂದು ಅದನ್ನು ಅಕ್ಕನ ಕೈಗಿತ್ತರು. 1897ರ ಜೂನಿನಲ್ಲಿ ಕ್ಷಯರೋಗದಿಂದ ಬಳಲುತ್ತಿದ್ದಾಗ ಮತ್ತೆ ಬರೆಯುವಂತೆ ಆಜ್ಞೆಯಾಯಿತು. ತೋಟದಲ್ಲಿ ಗಾಲಿಕುರ್ಚಿಯಲ್ಲಿ ಕುಳಿತು ಬರೆಯತೊಡಗಿದರೆ ಒಬ್ಬರಲ್ಲ ಒಬ್ಬರು ಭಗಿನಿಯರು ಬಂದು ಮಾತನಾಡಿಸುತ್ತಿದ್ದರು. ನಮ್ಮ ಮನೆಗಳಲ್ಲಿ ಮಕ್ಕಳೂ ಫೋನೂ ಮಾಡುವ ಹಾಗೆಯೇ! ಕೊನೆಯ ಪುಟಗಳಿಗೆ ಬರುವಾಗ ಶಾಯಿಯ ಲೇಖನಿ ಹಿಡಿಯುವ ಶಕ್ತಿಯೂ ಇರಲಿಲ್ಲ. ಅವನ್ನು ಪೆನ್ಸಿಲಿನಲ್ಲಿ ಬರೆದರು. ಅದೇ ವರ್ಷ ಸೆಪ್ಟೆಂಬರ್ 30ರಂದು, ತಮ್ಮ 24ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಒಂದು ವರ್ಷದ ಬಳಿಕ ಪುಸ್ತಕ ಅಚ್ಚಾಯಿತು. 1997ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಅವರನ್ನು ಧರ್ಮಸಭೆಯ ಪಂಡಿತೆಯೆಂದು ಘೋಷಿಸಿದಾಗ ಅದಕ್ಕೆ ಆಧಾರವಾದವುಗಳಲ್ಲಿ ಬಿಡುವಿನ ವೇಳೆಯ ಆ ನೋಟ್‌ಬುಕ್ಕುಗಳೂ ಇದ್ದವು.

ಇನ್ನು ಮಾಡುವುದು ಹೇಗೆ? ಮೊದಲ ಎರಡು ತಿಂಗಳು ದಿನಕ್ಕೆ ಮೂರೇ ಸಾಲು. ಜ್ವರ ಬಂದರೂ ಬರೆಯಬಹುದಾದಷ್ಟು ಚಿಕ್ಕ ಗುರಿ ಅದಾಗಿರಬೇಕು. ಹೊಸ ಸಮಯ ಹುಡುಕಬೇಡಿ. ಮನೆಯಲ್ಲಿ ಆಗಲೇ ಬೇರೂರಿರುವ ಒಂದು ಅಭ್ಯಾಸಕ್ಕೆ ಇದನ್ನು ಕಟ್ಟಿಹಾಕಿ. ಸಂಜೆ ತೇರ್ಸ್ ಮುಗಿದು ದೊಡ್ಡವರಿಂದ ಆಶೀರ್ವಾದ ಪಡೆದ ಮೇಲೆ, ಊಟಕ್ಕೆ ಕುಳಿತುಕೊಳ್ಳುವ ಮೊದಲು, ಐದು ನಿಮಿಷ. ಪುಸ್ತಕ ಮತ್ತು ಪೆನ್ನು ಆಲ್ತಾರಿನ ಹತ್ತಿರವೇ ಇರಲಿ. ಕಪಾಟಿನೊಳಗೆ ಹೋದ ಪುಸ್ತಕ ಹೊರಬರುವುದು ಕಷ್ಟ. ಬರೆದ ದಿನ ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಗುರುತು ಹಾಕಿ. ಇಗ್ನೇಷಿಯಸರ ಚುಕ್ಕೆ ಎಡವಿದ್ದಕ್ಕೆ, ನಮ್ಮದು ನಡೆದದ್ದಕ್ಕೆ ಎಂದಿಟ್ಟುಕೊಳ್ಳೋಣ.

ಮೂರು ಸಾಲು ಸಲೀಸಾದ ಮೇಲೆ ಐದು ಸಾಲಾಗಲಿ. ಆಮೇಲೆ ವಾರದಲ್ಲೊಂದು ದಿನ, ಭಾನುವಾರ ಮಧ್ಯಾಹ್ನವಾದರೂ ಸರಿ, ಅರ್ಧ ಪುಟ. ಅವಸರ ಮಾಡಿ ಏರಿಸಬೇಡಿ. ಭಾರವೆನಿಸಿದರೆ ಮತ್ತೆ ಮೂರಕ್ಕೆ ಇಳಿಯುವುದರಲ್ಲಿ ತಪ್ಪೇನೂ ಇಲ್ಲ. ದಿನಕ್ಕೆ 50 ಪದ ಬರೆದರೂ ವರ್ಷಕ್ಕೆ 18,250 ಪದಗಳಾಗುತ್ತವೆ. ಈಗ ನೀವು ಓದುತ್ತಿರುವಂಥ ಲೇಖನಗಳು ಹದಿನೈದಕ್ಕೂ ಹೆಚ್ಚು.

ಏನು ಬರೆಯುವುದೆಂಬ ಚಿಂತೆ ಬೇಡ. 'ಮೊಂತಿ ಹಬ್ಬಕ್ಕೆ ಕದಿರು ಬೇಕಿತ್ತು. ನಮ್ಮ ವಾಡೊದಲ್ಲಿ ಈ ಸಲ ಗದ್ದೆ ಮಾಡಿದವರಿಲ್ಲ. ಹೊಳೆಯಾಚೆಯಿಂದ ತಂದೆವು.' ಇಷ್ಟೇ. ಐವತ್ತು ವರ್ಷ ಕಳೆದ ಮೇಲೆ ಈ ಮೂರು ಸಾಲಿಗೆ ಎಷ್ಟು ಬೆಲೆ ಬರಬಹುದೆಂದು ಊಹಿಸಿ. ವರದಿ ಬರೆಯುವವರಿಗೂ ಇದು ಒಳ್ಳೆಯ ತಾಲೀಮು. 'ಕಾರ್ಯಕ್ರಮ ವಿಜೃಂಭಣೆಯಿಂದ ಜರುಗಿತು' ಎಂಬ ಸಾಲು ನಮ್ಮ ಮೇಜಿಗೆ ವಾರಕ್ಕೆ ಹತ್ತು ಸಲ ಬರುತ್ತದೆ. ಏನು ಜರುಗಿತೆಂಬುದು ಅಪರೂಪಕ್ಕೆ ಬರುತ್ತದೆ. ದಿನವೂ ಕಂಡದ್ದನ್ನು ಬರೆಯುವವರಿಗೆ ಆ ಸಾಲಿನ ಆಸರೆ ಬೇಕಾಗುವುದಿಲ್ಲ.

ಭಾಷೆ ಕನ್ನಡವಾದರೂ ಸರಿ, ಕನ್ನಡ ಲಿಪಿಯ ಕೊಂಕಣಿಯಾದರೂ ಸರಿ, ತುಳುವಾದರೂ ಸರಿ. ಕಾಗುಣಿತ ತಪ್ಪಿದರೆ ಯಾರೂ ಮಾರ್ಕು ಕಳೆಯುವುದಿಲ್ಲ. ಒಂದು ಎಚ್ಚರಿಕೆ ಮಾತ್ರ ಬೇಕು: ನೆರೆಮನೆಯ ಜಗಳ, ಇನ್ನೊಬ್ಬರ ಗುಟ್ಟು ಪುಸ್ತಕಕ್ಕೆ ಇಳಿಯುವುದು ಬೇಡ. ಮುಂದೊಂದು ದಿನ ಅದನ್ನು ಮೊಮ್ಮಕ್ಕಳು ಓದುತ್ತಾರೆ.

ದಿನ ತಪ್ಪಿದರೆ ಸಾಲ ತೀರಿಸಲು ಹೋಗಬೇಡಿ. ನಮ್ಮ ಡೈರಿ ಸತ್ತದ್ದೇ ಅದರಿಂದ. ಇಂದಿನ ತಾರೀಕು ಹಾಕಿ ಇಂದಿನ ಮೂರು ಸಾಲು ಬರೆಯಿರಿ. ಕಣ್ಣು ಮಂಜಾದ, ಕೈ ನಡುಗುವ ಹಿರಿಯರಿದ್ದ ಮನೆಗಳಲ್ಲಿ ಅವರು ಹೇಳಲಿ, ಏಳನೆಯ ಎಂಟನೆಯ ತರಗತಿಯ ಮಕ್ಕಳು ಬರೆಯಲಿ. ಬೇಸಿಗೆ ರಜೆಗಿಂತ ಒಳ್ಳೆಯ ಸಮಯ ಇದಕ್ಕೆ ಬೇರೆ ಸಿಗದು. ಮೊದಲ ಪುಟದಲ್ಲಿ ಮನೆಯ ಹೆಸರು, ವಾಡೊ, ಬರೆದವರು ಯಾರು, ಹೇಳಿದವರು ಯಾರು ಎಂಬುದನ್ನು ನಮೂದಿಸಲು ಮರೆಯದಿರಿ.