ತೂಕ ಇಳಿಕೆ ಶಸ್ತ್ರಚಿಕಿತ್ಸೆಯ ನಂತರ ಅಲ್ಪ ಆಹಾರದಲ್ಲಿ ಸುರಕ್ಷಿತ ವ್ಯಾಯಾಮ: ಸಾರ್ವಜನಿಕರಿಗೆ ಮಾಹಿತಿ

ತೀವ್ರ ಬೊಜ್ಜಿನಿಂದ ಬಳಲುವವರಿಗೆ, ವಿಶೇಷವಾಗಿ ಬೊಜ್ಜಿನೊಡನೆ ಮಧುಮೇಹ, ಅಧಿಕ ರಕ್ತದೊತ್ತಡ ಅಥವಾ ನಿದ್ರೆಯಲ್ಲಿ ಉಸಿರು ಕಟ್ಟುವ ತೊಂದರೆ ಇರುವವರಿಗೆ, ತೂಕ ಇಳಿಕೆ ಶಸ್ತ್ರಚಿಕಿತ್ಸೆಯು ಇಂದು ಅಂಗೀಕೃತ ಚಿಕಿತ್ಸೆಯಾಗಿದೆ. ಶಸ್ತ್ರಚಿಕಿತ್ಸೆಗೆ ಒಳಗಾದವರು ಮನೆಗೆ ಮರಳಿದ ನಂತರ ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: ಊಟವೇ ನಾಲ್ಕಾರು ಚಮಚಕ್ಕೆ ಇಳಿದಿರುವಾಗ ವ್ಯಾಯಾಮ ಮಾಡಬಹುದೆ? ಮಾಡುವುದಾದರೆ ಎಷ್ಟು? ಈ ವಿಷಯದಲ್ಲಿ ಎರಡು ಬಗೆಯ ತಪ್ಪು ಗ್ರಹಿಕೆಗಳಿವೆ. ಕೆಲವರು ನಿಶ್ಶಕ್ತಿಯ ಭಯದಿಂದ ಹಾಸಿಗೆ ಬಿಟ್ಟೇಳುವುದಿಲ್ಲ. ಮತ್ತೆ ಕೆಲವರು ತೂಕ ಇನ್ನೂ ಬೇಗ ಇಳಿಯಲೆಂದು ಬರಿಹೊಟ್ಟೆಯಲ್ಲಿ ಗಂಟೆಗಟ್ಟಲೆ ನಡೆಯುತ್ತಾರೆ. ಎರಡೂ ಅಪಾಯಕರ. ಈ ಕುರಿತ ಅಗತ್ಯ ಮಾಹಿತಿಯನ್ನು ಸಾರ್ವಜನಿಕರ ಅನುಕೂಲಕ್ಕಾಗಿ ಕೆಳಗೆ ವಿವರಿಸಲಾಗಿದೆ.

1. ಆಹಾರದ ಪ್ರಮಾಣ ಎಷ್ಟು ಕಡಿಮೆಯಾಗುತ್ತದೆ?

ಪ್ರಚಲಿತದಲ್ಲಿರುವ ಶಸ್ತ್ರಚಿಕಿತ್ಸೆಗಳಲ್ಲಿ ಸ್ಲೀವ್ ಗ್ಯಾಸ್ಟ್ರೆಕ್ಟಮಿ ಮತ್ತು ಗ್ಯಾಸ್ಟ್ರಿಕ್ ಬೈಪಾಸ್ ಮುಖ್ಯವಾದವು. ಮೊದಲನೆಯದರಲ್ಲಿ ಜಠರದ ಸುಮಾರು ಮುಕ್ಕಾಲು ಭಾಗವನ್ನು ತೆಗೆದು, ಉಳಿದುದನ್ನು ಕಿರಿದಾದ ಕೊಳವೆಯಂತೆ ಉಳಿಸಲಾಗುತ್ತದೆ. ಎರಡನೆಯದರಲ್ಲಿ ಜಠರದ ಮೇಲ್ಭಾಗದಲ್ಲಿ ಸುಮಾರು 30 ಮಿಲಿ ಲೀಟರ್ ಹಿಡಿಯುವ ಪುಟ್ಟ ಚೀಲವನ್ನು ರಚಿಸಿ, ಅದನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸಲಾಗುತ್ತದೆ. ಮೊದಲ ವಾರಗಳಲ್ಲಿ ದ್ರವಾಹಾರ, ನಂತರ ಮೆತ್ತಗೆ ಅರೆದ ಆಹಾರ, ಸುಮಾರು ಆರರಿಂದ ಎಂಟು ವಾರಗಳ ಹೊತ್ತಿಗೆ ಸಾಮಾನ್ಯ ಆಹಾರ ಎಂಬ ಕ್ರಮವನ್ನು ಅನುಸರಿಸಲಾಗುತ್ತದೆ. ಈ ಅವಧಿಯಲ್ಲಿ ಹಲವರಿಗೆ ದಿನಕ್ಕೆ ದೊರೆಯುವುದು 500 ರಿಂದ 800 ಕ್ಯಾಲೊರಿ ಮಾತ್ರ.

2. ಶಕ್ತಿಯ ಜಮಾ-ಖರ್ಚು

ಉದಾಹರಣೆಗೆ, 95 ಕಿಲೋ ತೂಕದ ವ್ಯಕ್ತಿಯೊಬ್ಬರ ದೇಹವು ದಿನಕ್ಕೆ ಸುಮಾರು 1,900 ಕ್ಯಾಲೊರಿ ಖರ್ಚು ಮಾಡುತ್ತದೆ ಎಂದು ಇಟ್ಟುಕೊಳ್ಳೋಣ. ಆಹಾರದಿಂದ ಬರುವ ಜಮೆ 600 ಕ್ಯಾಲೊರಿ. ಉಳಿದ 1,300 ಕ್ಯಾಲೊರಿಯನ್ನು ದೇಹವು ತನ್ನ ಠೇವಣಿಯಿಂದ ಭರಿಸಬೇಕು. ಒಂದು ಕಿಲೋ ದೇಹದ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಅಡಗಿರುವುದರಿಂದ ಈ ಕೊರತೆಯೊಂದೇ ವಾರಕ್ಕೆ ಒಂದು ಕಿಲೋಗಿಂತ ಹೆಚ್ಚು ತೂಕ ಇಳಿಸಲು ಸಾಕು.

ಇದೇ ವ್ಯಕ್ತಿ ಸಾಧಾರಣ ವೇಗದಲ್ಲಿ ಅರ್ಧ ಗಂಟೆ ನಡೆದರೆ ಹೆಚ್ಚುವರಿಯಾಗಿ ಖರ್ಚಾಗುವುದು ಸುಮಾರು 100 ಕ್ಯಾಲೊರಿ, ಅಂದರೆ 15 ಗ್ರಾಂ ಕೊಬ್ಬಿಗೂ ಕಡಿಮೆ. ಆದ್ದರಿಂದ ಮೊದಲ ತಿಂಗಳುಗಳಲ್ಲಿ ತೂಕ ಇಳಿಸುವ ಕೆಲಸವನ್ನು ಶಸ್ತ್ರಚಿಕಿತ್ಸೆಯೇ ಮಾಡುತ್ತಿರುತ್ತದೆ. ವ್ಯಾಯಾಮದ ಉದ್ದೇಶ ಅದಲ್ಲ. ವ್ಯಾಯಾಮದ ಉದ್ದೇಶ ಸ್ನಾಯುಗಳನ್ನು ಉಳಿಸಿಕೊಳ್ಳುವುದು.

ಕೊಬ್ಬಿನ ಠೇವಣಿಯಿಂದ ಶಕ್ತಿ ದೊರೆಯುತ್ತದೆಯೇ ಹೊರತು ಪ್ರೋಟೀನ್, ನೀರು, ಲವಣ ಮತ್ತು ಜೀವಸತ್ವಗಳು ಅಗತ್ಯವಿದ್ದಷ್ಟು ದೊರೆಯುವುದಿಲ್ಲ. ಪ್ರೋಟೀನ್ ಸಾಲದಾದಾಗ ದೇಹವು ಸ್ನಾಯುಗಳನ್ನೇ ಕರಗಿಸಿಕೊಳ್ಳುತ್ತದೆ. ತೂಕದ ಯಂತ್ರವು ಕರಗಿದ್ದು ಕೊಬ್ಬೋ ಸ್ನಾಯುವೋ ಎಂದು ಹೇಳುವುದಿಲ್ಲ. ಸ್ನಾಯು ಕಳೆದುಕೊಂಡವರು ಬೇಗ ದಣಿಯುತ್ತಾರೆ. ದೇಹದ ನಿತ್ಯದ ಖರ್ಚು ತಗ್ಗುವುದರಿಂದ ಮುಂದೆ ತೂಕ ಮರುಕಳಿಸುವ ಸಂಭವವೂ ಹೆಚ್ಚುತ್ತದೆ.

ಅಲ್ಪ ಆಹಾರದಲ್ಲಿ ಅತಿ ನಡಿಗೆಯ ಪರಿಣಾಮವನ್ನು ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ 1944-45ರಲ್ಲಿ ಆನ್ಸೆಲ್ ಕೀಸ್ ಅವರು ನಡೆಸಿದ ಅಧ್ಯಯನ ತೋರಿಸಿಕೊಟ್ಟಿದೆ. ಸ್ವಯಂ ಮುಂದೆ ಬಂದ 36 ಆರೋಗ್ಯವಂತ ಪುರುಷರು 24 ವಾರಗಳ ಕಾಲ ದಿನಕ್ಕೆ ಸುಮಾರು 1,570 ಕ್ಯಾಲೊರಿ ಆಹಾರ ಸೇವಿಸಿ, ವಾರಕ್ಕೆ ಸುಮಾರು 35 ಕಿಲೋಮೀಟರ್ ನಡೆಯಬೇಕಿತ್ತು. ಅವರ ತೂಕ ಕಾಲು ಭಾಗದಷ್ಟು ಇಳಿದುದಲ್ಲದೆ, ಬಲ ಮತ್ತು ತಾಳಿಕೆಯೂ ಬಹಳವಾಗಿ ಕುಗ್ಗಿದವು. ಅವರ ದೇಹದಲ್ಲಿ ಕೊಬ್ಬಿನ ಸಂಗ್ರಹ ಕಡಿಮೆಯಿತ್ತು ಎಂಬುದು ನಿಜ. ಶಸ್ತ್ರಚಿಕಿತ್ಸೆಯಾದವರಲ್ಲಿ ಸಂಗ್ರಹ ಹೆಚ್ಚಿದ್ದರೂ ಆಹಾರವು ಅವರದರ ಅರ್ಧಕ್ಕಿಂತಲೂ ಕಡಿಮೆ ಎಂಬುದನ್ನು ಗಮನಿಸತಕ್ಕದ್ದು.

3. ವ್ಯಾಯಾಮದ ಹಂತಗಳು

ಕೆಳಕಂಡ ಹಂತಗಳು ಸಾಮಾನ್ಯ ಮಾರ್ಗದರ್ಶನಕ್ಕಾಗಿ ಮಾತ್ರ. ಪ್ರತಿಯೊಬ್ಬರೂ ತಮ್ಮ ಶಸ್ತ್ರವೈದ್ಯರ ಸಲಹೆಯಂತೆ ನಡೆಯತಕ್ಕದ್ದು.

ಅ) ಮೊದಲ ಎರಡು ವಾರಗಳು: ಶಸ್ತ್ರಚಿಕಿತ್ಸೆಯ ದಿನವೇ ಅಥವಾ ಮರುದಿನ ಆಸ್ಪತ್ರೆಯಲ್ಲಿಯೇ ನಡೆದಾಡಿಸಲಾಗುತ್ತದೆ. ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವುದನ್ನು ತಡೆಯುವುದು ಇದರ ಉದ್ದೇಶ. ಮನೆಯಲ್ಲಿ ಐದು-ಹತ್ತು ನಿಮಿಷಗಳಂತೆ ದಿನಕ್ಕೆ ನಾಲ್ಕೈದು ಬಾರಿ ನಿಧಾನವಾಗಿ ನಡೆಯುವುದು ಸೂಕ್ತ. ಒಂದೇ ಬಾರಿಗೆ ದೂರ ಹೋಗಬಾರದು.

ಆ) ಮೂರರಿಂದ ಆರನೇ ವಾರ: ನಡಿಗೆಯನ್ನು ಕ್ರಮೇಣ 20 ರಿಂದ 30 ನಿಮಿಷಗಳಿಗೆ ಏರಿಸಬಹುದು. ನಡೆಯುವಾಗ ಜೊತೆಗಿರುವವರೊಡನೆ ಸಲೀಸಾಗಿ ಮಾತನಾಡಲು ಸಾಧ್ಯವಾಗಬೇಕು. ಮಾತು ಅರ್ಧಕ್ಕೆ ನಿಲ್ಲುವಷ್ಟು ಏದುಸಿರು ಬಂದರೆ ವೇಗ ತಗ್ಗಿಸಬೇಕು. ಸುಮಾರು ಐದು ಕಿಲೋಗಿಂತ ಹೆಚ್ಚಿನ ಭಾರ ಎತ್ತಬಾರದು. ನೀರು ತುಂಬಿದ ಬಿಂದಿಗೆ, ಅಡುಗೆ ಅನಿಲದ ಸಿಲಿಂಡರ್, ಅಕ್ಕಿ ಮೂಟೆ, ಎತ್ತಿಕೊಳ್ಳುವ ಮಗು, ಇವೆಲ್ಲವೂ ಭಾರವೇ. ಗಾಯ ಮಾಗುವ ಮುನ್ನ ಹೊಟ್ಟೆಯ ಮೇಲೆ ಒತ್ತಡ ಬಿದ್ದರೆ ಅಂಡವಾಯು, ಅಂದರೆ ಹರ್ನಿಯ ಉಂಟಾಗಬಹುದು.

ಇ) ಆರು-ಎಂಟು ವಾರಗಳ ನಂತರ: ವೈದ್ಯರ ಅನುಮತಿ ಪಡೆದು ಸ್ನಾಯುಬಲದ ವ್ಯಾಯಾಮಗಳನ್ನು ವಾರಕ್ಕೆ ಎರಡು ಅಥವಾ ಮೂರು ದಿನ ಆರಂಭಿಸಬಹುದು. ಕುರ್ಚಿಯಿಂದ ಕೈಯೂರದೆ ಏಳುವುದು-ಕೂರುವುದು, ಗೋಡೆಗೆ ಕೈ ಕೊಟ್ಟು ತಳ್ಳುವುದು, ಹಿಮ್ಮಡಿ ಎತ್ತಿ ನಿಲ್ಲುವುದು ಇವುಗಳಿಗೆ ಯಾವ ಉಪಕರಣವೂ ಬೇಕಿಲ್ಲ. ಒಂದೊಂದನ್ನು ಎಂಟು-ಹತ್ತು ಬಾರಿ ಮಾಡಿದರೆ ಆರಂಭಕ್ಕೆ ಸಾಕು. ಎರಡು ಸರದಿಗಳ ನಡುವೆ ಒಂದು ದಿನದ ಬಿಡುವು ಇರಬೇಕು.

ಈ) ಮೂರು ತಿಂಗಳ ನಂತರ: ಆಹಾರದ ಪ್ರಮಾಣ ಏರಿದಂತೆ ವ್ಯಾಯಾಮವನ್ನೂ ಏರಿಸಬಹುದು. ವಾರಕ್ಕೆ 150 ನಿಮಿಷಗಳ ಸಾಧಾರಣ ಶ್ರಮ ಮೊದಲ ಗುರಿ. 300 ನಿಮಿಷ ಮುಂದಿನ ಗುರಿ.

ಯೋಗಾಭ್ಯಾಸ ಮಾಡುವವರು ಮೊದಲ ಎರಡು ತಿಂಗಳು ಕಪಾಲಭಾತಿ, ಭುಜಂಗಾಸನ, ಧನುರಾಸನ ಮುಂತಾಗಿ ಹೊಟ್ಟೆಯನ್ನು ಒತ್ತುವ ಅಥವಾ ಹಿಗ್ಗಿಸುವ ಅಭ್ಯಾಸಗಳನ್ನು ಕೈಬಿಡತಕ್ಕದ್ದು. ತಲೆ ಕೆಳಗಾಗುವ ಆಸನಗಳಿಂದ ಹುಳಿತೇಗು ಹೆಚ್ಚಬಹುದು. ಸರಳ ಉಸಿರಾಟದ ಅಭ್ಯಾಸಕ್ಕೆ ಅಡ್ಡಿಯಿಲ್ಲ.

ಬೆಂಗಳೂರು ಪಶ್ಚಿಮ ಭಾಗದ ನಿವಾಸಿಗಳಿಗೆ ನಡಿಗೆಯ ಸ್ಥಳಗಳ ಕೊರತೆಯಿಲ್ಲ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ ಬಡಾವಣೆಗಳ ಉದ್ಯಾನಗಳಲ್ಲಿ ಕುಳಿತುಕೊಳ್ಳಲು ಬೆಂಚು ಇರುವ ಸಮತಟ್ಟಾದ ದಾರಿಯನ್ನು ಆರಿಸಿಕೊಳ್ಳುವುದು ಒಳ್ಳೆಯದು. ಜ್ಞಾನಭಾರತಿಯ ವಿಶಾಲ ಆವರಣದಲ್ಲಿ ನಡೆಯುವ ಕೆಂಗೇರಿ, ನಾಗರಬಾವಿ ಕಡೆಯವರು ಮರಳಿ ಬರಬೇಕಾದ ದೂರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ವಿಜಯನಗರ, ಅತ್ತಿಗುಪ್ಪೆಗಳಿಗೆ 2015ರಲ್ಲಿ, ಕೆಂಗೇರಿಗೆ 2021ರಲ್ಲಿ ಮೆಟ್ರೋ ಸೇವೆ ಬಂದಿದೆ. ಮೊದಲ ವಾರಗಳಲ್ಲಿ ನಿಲ್ದಾಣಗಳಲ್ಲಿ ಲಿಫ್ಟ್ ಬಳಸಬೇಕು. ಮೂರು ತಿಂಗಳ ನಂತರ ಅದೇ ಮೆಟ್ಟಿಲುಗಳು ಖರ್ಚಿಲ್ಲದ ವ್ಯಾಯಾಮಶಾಲೆಯಾಗಬಲ್ಲವು.

4. ಪ್ರೋಟೀನ್, ನೀರು ಮತ್ತು ಸಮಯ

ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಸೇವಿಸಬೇಕೆಂಬುದು ಸಾಮಾನ್ಯ ಸಲಹೆ. ರಾಗಿ ಗಂಜಿ, ಅನ್ನ-ತಿಳಿಸಾರು, ಎಳನೀರು ಇವುಗಳಿಂದ ಹೊಟ್ಟೆ ತುಂಬುತ್ತದೆ; ಪ್ರೋಟೀನ್ ಅಷ್ಟಾಗಿ ದೊರೆಯುವುದಿಲ್ಲ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, 250 ಮಿಲಿ ಲೀಟರ್ ಹಾಲಿನಲ್ಲಿ 8 ಗ್ರಾಂ, 50 ಗ್ರಾಂ ಪನೀರಿನಲ್ಲಿ 9 ಗ್ರಾಂ, 30 ಗ್ರಾಂ ಒಣ ಸೋಯಾ ತುಣುಕಿನಲ್ಲಿ 15 ಗ್ರಾಂ ಪ್ರೋಟೀನ್ ಇರುತ್ತದೆ. ತಟ್ಟೆಯಲ್ಲಿ ಪ್ರೋಟೀನ್ ಇರುವ ಪದಾರ್ಥವನ್ನೇ ಮೊದಲು ತಿನ್ನುವುದು ಉತ್ತಮ ರೂಢಿ. ಮನೆಯ ಆಹಾರದಿಂದ 60 ಗ್ರಾಂ ತಲುಪದಿದ್ದಲ್ಲಿ ಆಹಾರತಜ್ಞರು ಪ್ರೋಟೀನ್ ಪುಡಿಯನ್ನು ಸೂಚಿಸುತ್ತಾರೆ.

ನೀರನ್ನು ಗುಟುಕು ಗುಟುಕಾಗಿ ದಿನಕ್ಕೆ ಒಂದೂವರೆ ಲೀಟರಿಗೆ ಕಡಿಮೆಯಾಗದಂತೆ ಕುಡಿಯಬೇಕು. ಒಂದೇ ಉಸಿರಿಗೆ ಲೋಟ ನೀರು ಕುಡಿಯಲು ಹೊಸ ಜಠರಕ್ಕೆ ಸಾಧ್ಯವಿಲ್ಲ. ಆದ ಕಾರಣ ವ್ಯಾಯಾಮದ ನಂತರ ಬಾಯಾರಿಕೆ ತೀರಿಸಿಕೊಳ್ಳೋಣ ಎಂಬ ಲೆಕ್ಕಾಚಾರ ನಡೆಯುವುದಿಲ್ಲ. ನಡಿಗೆಗೆ ಒಂದು ಗಂಟೆ ಮುಂಚಿನಿಂದಲೇ ಗುಟುಕರಿಸುತ್ತಾ, ಬಾಟಲಿಯನ್ನು ಜೊತೆಗೊಯ್ಯಬೇಕು. ಮೂತ್ರ ಗಾಢ ಹಳದಿಯಾಗಿದ್ದರೆ ಅಂದು ವ್ಯಾಯಾಮ ಬೇಡ.

ಎದ್ದ ಕೂಡಲೇ ಒಂದು ಲೋಟ ಕಾಫಿ ಕುಡಿದು ಉದ್ಯಾನಕ್ಕೆ ಹೊರಡುವ ಅಭ್ಯಾಸ ಹಲವರಲ್ಲಿದೆ. ಶಸ್ತ್ರಚಿಕಿತ್ಸೆಯಾದವರು ಕಾಫಿಗೆ ಬದಲು ಸ್ವಲ್ಪ ಹಾಲು ಅಥವಾ ಮಜ್ಜಿಗೆಯನ್ನು ಸೇವಿಸಿ, ಅರ್ಧ-ಮುಕ್ಕಾಲು ಗಂಟೆಯ ಬಳಿಕ ಹೊರಡುವುದು ಕ್ಷೇಮ. ಏಕಾದಶಿ, ಶಿವರಾತ್ರಿ, ರಂಜಾನ್ ಮುಂತಾದ ಉಪವಾಸದ ದಿನಗಳಲ್ಲಿ ವ್ಯಾಯಾಮ ಮಾಡಬಾರದು. ಮೊದಲ ವರ್ಷ ಉಪವಾಸ ಕೈಗೊಳ್ಳುವ ಮುನ್ನ ವೈದ್ಯರನ್ನು ಕೇಳತಕ್ಕದ್ದು.

5. ಔಷಧಗಳ ಬಗ್ಗೆ ಎಚ್ಚರಿಕೆ

ಆಹಾರ ಕಡಿಮೆಯಾದಂತೆ ಮಧುಮೇಹ ಮತ್ತು ರಕ್ತದೊತ್ತಡದ ಔಷಧಗಳ ಅಗತ್ಯವೂ ಬೇಗನೆ ತಗ್ಗುತ್ತದೆ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂತಹ ಗುಳಿಗೆಗಳನ್ನು ಹಳೆಯ ಪ್ರಮಾಣದಲ್ಲಿಯೇ ಮುಂದುವರಿಸಿ ವ್ಯಾಯಾಮ ಮಾಡಿದರೆ ರಕ್ತದ ಸಕ್ಕರೆ ಅಪಾಯಕರ ಮಟ್ಟಕ್ಕೆ ಇಳಿಯಬಹುದು. ರಕ್ತದೊತ್ತಡದ ಗುಳಿಗೆಗಳಿಂದ, ವಿಶೇಷವಾಗಿ ಮೂತ್ರ ಹೆಚ್ಚಿಸುವ ಗುಳಿಗೆಗಳಿಂದ, ಎದ್ದು ನಿಂತಾಗ ತಲೆಸುತ್ತು ಬರಬಹುದು. ವ್ಯಾಯಾಮ ಆರಂಭಿಸುವ ಮುನ್ನ ಔಷಧಗಳ ಪ್ರಮಾಣವನ್ನು ವೈದ್ಯರಿಂದ ಮರುಪರಿಶೀಲಿಸಿಕೊಳ್ಳತಕ್ಕದ್ದು, ಸ್ವಂತವಾಗಿ ನಿಲ್ಲಿಸಬಾರದು.

ಮೈಕೈ ನೋವಿಗೆಂದು ಔಷಧ ಅಂಗಡಿಯಿಂದ ಐಬುಪ್ರೊಫೆನ್, ಡೈಕ್ಲೊಫೆನಾಕ್ ಗುಳಿಗೆಗಳನ್ನು ಕೊಂಡು ನುಂಗಬಾರದು. ಬೈಪಾಸ್ ಆದವರಲ್ಲಿ ವಿಶೇಷವಾಗಿ ಇವುಗಳಿಂದ ಹುಣ್ಣು ಮತ್ತು ರಕ್ತಸ್ರಾವ ಉಂಟಾಗುವ ಅಪಾಯವಿದೆ. ವೈದ್ಯರು ಸೂಚಿಸಿದ ಕಬ್ಬಿಣ, ಕ್ಯಾಲ್ಸಿಯಂ, ಬಿ12 ಮತ್ತು ಡಿ ಜೀವಸತ್ವದ ಗುಳಿಗೆಗಳನ್ನು ಮಾತ್ರ ಆರೋಗ್ಯ ಸುಧಾರಿಸಿತೆಂದು ಬಿಡಬಾರದು.

6. ದುಡಿಮೆಗೆ ಮರಳುವ ಕಾರ್ಮಿಕರ ಗಮನಕ್ಕೆ

ರಾಜಾಜಿನಗರ ಕೈಗಾರಿಕಾ ಪ್ರದೇಶ, ಕಾಮಾಕ್ಷಿಪಾಳ್ಯ, ಪೀಣ್ಯ ಹಾಗೂ ಮೈಸೂರು ರಸ್ತೆಯ ಕಾರ್ಖಾನೆಗಳಲ್ಲಿ ದುಡಿಯುವವರಿಗೆ ಕೆಲಸವೇ ವ್ಯಾಯಾಮ. ಎಂಟು ಗಂಟೆ ನಿಂತು ದುಡಿದು, ಬಸ್ಸಿನಲ್ಲಿ ನಿಂತೇ ಮನೆಗೆ ಮರಳುವವರು ಮೊದಲ ದಿನಗಳಲ್ಲಿ ಬೇರೆ ನಡಿಗೆಯನ್ನು ಸೇರಿಸಿಕೊಳ್ಳಬೇಕಾಗಿಲ್ಲ. ಭಾರ ಎತ್ತುವ ಕೆಲಸವಿದ್ದಲ್ಲಿ, ಎಷ್ಟು ದಿನಗಳವರೆಗೆ ಹಗುರ ಕೆಲಸ ನೀಡಬೇಕೆಂಬುದನ್ನು ದೇಹದಾರ್ಢ್ಯ ಪ್ರಮಾಣಪತ್ರದಲ್ಲಿ ವೈದ್ಯರಿಂದ ಸ್ಪಷ್ಟವಾಗಿ ನಮೂದಿಸಿಕೊಳ್ಳುವುದು ಸೂಕ್ತ. ಗುಟುಕು ನೀರಿಗೂ ಸ್ವಲ್ಪ ಸ್ವಲ್ಪವಾಗಿ ಐದಾರು ಬಾರಿ ತಿನ್ನುವುದಕ್ಕೂ ಬಿಡುವು ಅಗತ್ಯವೆಂಬುದನ್ನು ಮೇಲ್ವಿಚಾರಕರಿಗೆ ಮೊದಲೇ ತಿಳಿಸಬೇಕು.

ಕಾರ್ಮಿಕರ ರಾಜ್ಯ ವಿಮಾ ಯೋಜನೆಯ ವ್ಯಾಪ್ತಿಗೊಳಪಟ್ಟವರಿಗೆ, ಅನಾರೋಗ್ಯದ ಕಾರಣ ಕೆಲಸದಿಂದ ದೂರವಿರುವುದು ಅಗತ್ಯವೆಂದು ವಿಮಾ ವೈದ್ಯಾಧಿಕಾರಿಯು ಪ್ರಮಾಣೀಕರಿಸಿದ ಅವಧಿಗೆ, ವರ್ಷಕ್ಕೆ ಗರಿಷ್ಠ 91 ದಿನಗಳವರೆಗೆ, ವೇತನದ ಶೇಕಡ 70ರ ದರದಲ್ಲಿ ಅನಾರೋಗ್ಯ ಭತ್ಯೆ ದೊರೆಯುತ್ತದೆ. ಇದಕ್ಕೆ ಸಂಬಂಧಿಸಿದ ಆರು ತಿಂಗಳ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನಗಳ ವಂತಿಗೆ ಪಾವತಿಯಾಗಿರಬೇಕು. ಸಂಬಳ ನಿಲ್ಲುವ ಭಯದಿಂದ ಗಾಯ ಮಾಗುವ ಮುನ್ನವೇ ಕೆಲಸಕ್ಕೆ ಹಾಜರಾಗುವ ಬದಲು, ಅರ್ಹರು ತಮ್ಮ ಇ.ಎಸ್.ಐ. ಚಿಕಿತ್ಸಾಲಯದಲ್ಲಿ ಅಥವಾ ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಆಸ್ಪತ್ರೆಯ ಬಿಡುಗಡೆ ಸಾರಾಂಶ, ವಿಮಾ ಸಂಖ್ಯೆ ಮತ್ತು ಸೇವಿಸುತ್ತಿರುವ ಔಷಧಗಳ ಪಟ್ಟಿಯನ್ನು ಜೊತೆಗೆ ತರುವುದು.

7. ವ್ಯಾಯಾಮವನ್ನು ತಕ್ಷಣ ನಿಲ್ಲಿಸಬೇಕಾದ ಸಂದರ್ಭಗಳು

ಅ) ಬೆವರು, ನಡುಕ, ಕಣ್ಣು ಮಂಜಾಗುವುದು, ಗೊಂದಲ: ಕುಳಿತುಕೊಂಡು ರಕ್ತದ ಸಕ್ಕರೆ ಪರೀಕ್ಷಿಸಬೇಕು. ಸಕ್ಕರೆ ಇಳಿದಿದ್ದರೆ, ಅಥವಾ ಪರೀಕ್ಷಿಸಲು ಸಾಧ್ಯವಾಗದಿದ್ದರೆ, ಗ್ಲೂಕೋಸ್ ಸೇವಿಸಬೇಕು. ಬೈಪಾಸ್ ಆದವರಲ್ಲಿ ಊಟವಾದ ಒಂದರಿಂದ ಮೂರು ಗಂಟೆಗಳ ನಂತರವೂ ಹೀಗಾಗಬಹುದು.

ಆ) ಹಠಾತ್ ಉಸಿರುಕಟ್ಟು, ಎದೆನೋವು, ಒಂದೇ ಕಾಲಿನ ಮೀನಖಂಡದಲ್ಲಿ ಊತ ಮತ್ತು ನೋವು: ಹೆಪ್ಪುಗಟ್ಟಿದ ರಕ್ತದ ಸೂಚನೆಯಾಗಿರಬಹುದು.

ಇ) ವಿಶ್ರಾಂತಿಯಲ್ಲಿಯೂ ನಾಡಿಮಿಡಿತ ನಿಮಿಷಕ್ಕೆ 120 ದಾಟಿರುವುದು, ಜ್ವರ, ತೀವ್ರ ಹೊಟ್ಟೆನೋವು: ಮೊದಲ ವಾರಗಳಲ್ಲಿ ಇದು ಹೊಲಿಗೆಯ ಸೋರಿಕೆಯಿಂದ ಆಗಿರಬಹುದು.

ಈ) ನಿಲ್ಲದ ವಾಂತಿ, ಅದರೊಡನೆ ನಡಿಗೆಯಲ್ಲಿ ತೂರಾಟ ಅಥವಾ ಒಂದು ವಸ್ತು ಎರಡಾಗಿ ಕಾಣುವುದು: ಬಿ1 ಜೀವಸತ್ವದ ತೀವ್ರ ಕೊರತೆಯ ಲಕ್ಷಣ. ಇದನ್ನು ಬರಿಯ ನಿಶ್ಶಕ್ತಿಯೆಂದು ತಳ್ಳಿಹಾಕಿದರೆ ಮಿದುಳಿಗೆ ಶಾಶ್ವತ ಹಾನಿಯಾಗಬಹುದು.

ಪ್ರಜ್ಞೆ ತಪ್ಪಿದಲ್ಲಿ ಅಥವಾ ಆ, ಇ, ಈ ಲಕ್ಷಣಗಳು ಕಂಡಲ್ಲಿ 108 ಸಂಖ್ಯೆಗೆ ಕರೆ ಮಾಡಿ, ತಡಮಾಡದೆ ಆಸ್ಪತ್ರೆಗೆ ತೆರಳತಕ್ಕದ್ದು. ಶಸ್ತ್ರಚಿಕಿತ್ಸೆಯ ಹೆಸರು, ದಿನಾಂಕ ಮತ್ತು ಮನೆಯವರ ದೂರವಾಣಿ ಸಂಖ್ಯೆ ಬರೆದ ಚೀಟಿಯನ್ನು ನಡಿಗೆಗೆ ಹೋಗುವಾಗ ಜೇಬಿನಲ್ಲಿ ಇಟ್ಟುಕೊಂಡಿರುವುದು ಒಳ್ಳೆಯದು.

8. ದಿನಚರಿ ಪುಸ್ತಕ

ಒಂದು ಸಣ್ಣ ಪುಸ್ತಕದಲ್ಲಿ ಪ್ರತಿದಿನ ನಾಲ್ಕು ವಿಷಯಗಳನ್ನು ಬರೆದಿಡುವುದು ಉಪಯುಕ್ತ: ಸೇವಿಸಿದ ಪ್ರೋಟೀನ್, ಕುಡಿದ ನೀರು, ನಡೆದ ನಿಮಿಷಗಳು, ಆದ ಆಯಾಸ. ನಡಿಗೆ ಹೆಚ್ಚಿ ಪ್ರೋಟೀನ್ ಕುಗ್ಗಿದ ವಾರದಲ್ಲಿ ಯಂತ್ರವು ತೋರುವ ತೂಕ ಇಳಿಕೆಯು ಸಂತೋಷಪಡುವಂತಹುದಲ್ಲ. ಕುರ್ಚಿಯಿಂದ ಕೈಯೂರದೆ ಏಳುವುದು ಹಿಂದಿನ ವಾರಕ್ಕಿಂತ ಸುಲಭವಾಗಿದ್ದರೆ ಚಿಕಿತ್ಸೆ ಸರಿಯಾದ ದಾರಿಯಲ್ಲಿದೆ ಎಂದು ತಿಳಿಯಬಹುದು. ಮರುತಪಾಸಣೆಗೆ ಹೋಗುವಾಗ ಈ ಪುಸ್ತಕವನ್ನು ವೈದ್ಯರಿಗೆ ಹಾಗೂ ಆಹಾರತಜ್ಞರಿಗೆ ತೋರಿಸತಕ್ಕದ್ದು.