ಭುಜದ ಕೀಲೂ ದಿನನಿತ್ಯದ ದುಡಿಮೆಯೂ



ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆಯ ತೋಟಗಳಲ್ಲಿ ನವೆಂಬರ್ ಸುಮಾರಿಗೆ ಅರೇಬಿಕಾ ಕುಯಿಲು ಆರಂಭವಾಗಿ, ಅದರ ಬೆನ್ನಿಗೇ ರೊಬಸ್ಟಾ ಕುಯಿಲು ಬರುತ್ತದೆ. ಈ ತಿಂಗಳುಗಳಲ್ಲಿ ಕೈಗಳಿಗೆ ಬಿಡುವೆಂಬುದಿಲ್ಲ. ಹಗಲೆಲ್ಲ ದುಡಿದು, ರಾತ್ರಿ ಭುಜದ ನೋವಿನಿಂದ ಒಂದು ಮಗ್ಗುಲಿಗೆ ಮಲಗಲಾರದೆ ಕಷ್ಟಪಡುವವರು ಅನೇಕರು. ಉಪೇಕ್ಷಿಸಿದಲ್ಲಿ ಕೀಲು ಬಿಗಿದುಕೊಂಡು, ತಲೆ ಬಾಚುವುದು, ಅಂಗಿ ತೊಡುವುದು, ಮಗುವನ್ನು ಎತ್ತಿಕೊಳ್ಳುವುದು ಸಹ ದುಸ್ತರವಾಗಬಹುದು, ಕೂಲಿಯೂ ತಪ್ಪೀತು. ಆದುದರಿಂದ ಭುಜದ ಮೇಲೆ ಬೀಳುವ ಬಲ ಎಂತಹುದೆಂಬುದನ್ನು ಪತಿಪತ್ನಿಯರಿಬ್ಬರೂ ಅರಿತಿರುವುದು ಒಳಿತು.

ಭುಜದಲ್ಲಿ ತೋಳಿನ ಮೂಳೆಯ ಗುಂಡಾದ ತಲೆಯು ಹೆಗಲ ಮೂಳೆಯ ಆಳವಿಲ್ಲದ ಗುಳಿಗೆ ತಾಗಿ ಕುಳಿತಿದೆ. ಚಿಕ್ಕ ತಟ್ಟೆಯ ಮೇಲೆ ದೊಡ್ಡ ಚೆಂಡನ್ನಿಟ್ಟಂತೆ ಈ ರಚನೆ. ಇದರಿಂದಲೇ ಕೈಯನ್ನು ಎಲ್ಲ ದಿಕ್ಕಿಗೂ ಆಡಿಸಲು ಸಾಧ್ಯ. ಆದರೆ ಚೆಂಡು ಜಾರದಂತೆ ಹಿಡಿದಿಡುವ ಭಾರವು ಬಹುಮಟ್ಟಿಗೆ ಸುತ್ತಲಿನ ಸ್ನಾಯುಗಳ ಮೇಲೆಯೇ ಬೀಳುತ್ತದೆ.

ನಿಮ್ಮ ಮನೆಯ ಬಾಗಿಲನ್ನು ಒಮ್ಮೆ ಅಂಚಿನಲ್ಲಿಯೂ, ಇನ್ನೊಮ್ಮೆ ಕೀಲಿನ ಹತ್ತಿರದಲ್ಲಿಯೂ ತಳ್ಳಿ ನೋಡಿರಿ. ಕೀಲಿನ ಹತ್ತಿರ ತಳ್ಳಲು ಎಷ್ಟೋ ಪಾಲು ಹೆಚ್ಚು ಬಲ ಬೇಕಾಗುತ್ತದೆ. ಕೈ ಚಾಚಿದಾಗ ಹೆಗಲ ಸ್ನಾಯುವಿನ ಸ್ಥಿತಿಯೂ ಇದೇ. ಅದರ ಎಳೆತವು ಕೀಲಿನ ಕೇಂದ್ರದಿಂದ ಸುಮಾರು 3 ಸೆಂಟಿಮೀಟರ್ ದೂರದಲ್ಲಿ ಮಾತ್ರ ಹಾದುಹೋಗುತ್ತದೆ. ಕೈಯಲ್ಲಿನ ಭಾರವಾದರೋ ಅರವತ್ತು ಸೆಂಟಿಮೀಟರ್ ಆಚೆ ಇರುತ್ತದೆ.

ಒಂದು ಅಂದಾಜು ಲೆಕ್ಕವನ್ನು ನೋಡೋಣ. 50 ಕಿಲೋಗ್ರಾಂ ತೂಕದ ಹೆಂಗಸಿನ ಒಂದು ಕೈಯ ತೂಕ ಸುಮಾರು ಎರಡೂವರೆ ಕಿಲೋಗ್ರಾಂ. ಬರಿಗೈಯನ್ನು ಭುಜದ ಮಟ್ಟಕ್ಕೆ ಚಾಚಿ ಹಿಡಿದರೇ ಸ್ನಾಯು ಸುಮಾರು 25 ಕಿಲೋಗ್ರಾಂ ಭಾರದಷ್ಟು ಬಲದಿಂದ ಎಳೆಯಬೇಕು. ಅದೇ ಕೈಯಲ್ಲಿ 2 ಕಿಲೋಗ್ರಾಂ ಹಣ್ಣಿನ ಬುಟ್ಟಿಯಿದ್ದರೆ ಇನ್ನೂ 40 ಕಿಲೋಗ್ರಾಂ ಸೇರಿ, ಒಟ್ಟು 65 ಆಗುತ್ತದೆ. ಇದು ಆಕೆಯ ಮೈತೂಕಕ್ಕಿಂತಲೂ ಹೆಚ್ಚು! ಮೊಣಕೈ ಮಡಿಸಿ ಬುಟ್ಟಿಯನ್ನು ಭುಜದಿಂದ 20 ಸೆಂಟಿಮೀಟರ್ ದೂರಕ್ಕೆ ತಂದುಕೊಂಡರೆ ಬುಟ್ಟಿಯ ಪಾಲು 40ರಿಂದ ಸುಮಾರು 13ಕ್ಕೆ ಇಳಿಯುತ್ತದೆ. ಭಾರವು ಅದೇ, ಬದಲಾದುದು ದೂರ ಮಾತ್ರ.

ಇನ್ನೊಂದು ಸಂಗತಿಯುಂಟು. ಕೀಲಿನ ಮೇಲೆ ಮೂಳೆಯ ಒಂದು ಚಾವಣಿಯಿದೆ. ಕೈಯನ್ನು ಭುಜಕ್ಕಿಂತ ಮೇಲೆ ಪದೇ ಪದೇ ಎತ್ತಿದಾಗ ಅದರ ಅಡಿಯಲ್ಲಿರುವ ಸ್ನಾಯುರಜ್ಜು ಉಜ್ಜಿ ನೋಯಬಹುದು.

ಆದುದರಿಂದ ಈ ಕ್ರಮಗಳನ್ನು ಅನುಸರಿಸಿರಿ:

1. ಗಿಡಕ್ಕೆ ಹತ್ತಿರವಾಗಿ ನಿಂತು ಹಣ್ಣು ಬಿಡಿಸಿರಿ. ಇಳಿಜಾರಿನಲ್ಲಿ ಸಾಧ್ಯವಾದಾಗ ಗಿಡದ ಮೇಲ್ಭಾಗದಲ್ಲಿ ನಿಂತರೆ ಕೈಯನ್ನು ಅಷ್ಟು ಎತ್ತಬೇಕಾಗುವುದಿಲ್ಲ.

2. ಎತ್ತರದ ರೆಂಬೆಯನ್ನು ಕೊಕ್ಕೆಯಿಂದ ಮೆಲ್ಲಗೆ ಬಗ್ಗಿಸಿಕೊಳ್ಳಿರಿ. ಹಣ್ಣಿನ ಚೀಲವನ್ನು ಕೈಯಲ್ಲಿ ಹಿಡಿಯದೆ ಸೊಂಟಕ್ಕೆ ಕಟ್ಟಿಕೊಳ್ಳಿರಿ.

3. ನೀರಿನ ಕೊಡವನ್ನೂ ಮಗುವನ್ನೂ ಮೈಗೆ ಒತ್ತಿಕೊಂಡು ಎತ್ತಿರಿ. ಆಗಾಗ ಮಗ್ಗುಲು ಬದಲಿಸಿರಿ.

4. ಸೌದೆಯ ಹೊರೆಯನ್ನು ತಲೆಗೇರಿಸುವಾಗಲೂ, ಕಾಫಿ ಮೂಟೆಯನ್ನು ಎತ್ತುವಾಗಲೂ ಇಬ್ಬರು ಕೈಹಾಕಿರಿ.

5. ಹಾಲೂಡಿಸುವ ತಾಯಿಯು ತೊಡೆಯ ಮೇಲೆ ದಿಂಬಿಟ್ಟು ಮಗುವಿಗೆ ಆಸರೆ ಕೊಡಲಿ. ಆಗ ತೋಳಿಗೆ ದಣಿವು ಕಡಿಮೆ.

ನೋವು ಬಂದರೆ ಕೆಲದಿನ ಕೈಯನ್ನು ಮೇಲೆತ್ತುವ ಕೆಲಸ ನಿಲ್ಲಿಸಿರಿ. ಆದರೆ ವಾರಗಟ್ಟಲೆ ಕೈಯನ್ನು ಅಲುಗಾಡಿಸದೆ ಕಟ್ಟಿಡಬಾರದು, ಕೀಲು ಬಿಗಿಯುತ್ತದೆ. ಮುಂದಕ್ಕೆ ಬಾಗಿ ಕೈಯನ್ನು ಜೋತುಬಿಟ್ಟು ನಿಧಾನವಾಗಿ ತೂಗುವುದು ಹಿತಕರ. ಸಕ್ಕರೆ ಕಾಯಿಲೆಯುಳ್ಳವರಲ್ಲಿ ಭುಜ ಬಿಗಿಯುವ ಸಂಭವ ಹೆಚ್ಚು. ಆದಕಾರಣ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿರಿ. ನೋವು ಎರಡು ವಾರಕ್ಕೂ ಇಳಿಯದಿದ್ದರೆ, ಅಥವಾ ಕೈ ಎತ್ತಲು ಬಾರದಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬರತಕ್ಕದ್ದು. ಬಿದ್ದು ಭುಜದ ಆಕಾರ ಕೆಟ್ಟಿದ್ದರೆ ಯಾರಿಂದಲೂ ಎಳೆಸದೆ, ಕೈಗೆ ಆಸರೆ ಕಟ್ಟಿ ಆಸ್ಪತ್ರೆಗೆ ಕರೆತನ್ನಿರಿ. ಭುಜದ ನೋವಿನೊಂದಿಗೆ ಎದೆ ಬಿಗಿತ, ಬೆವರು, ಉಸಿರಾಟದ ಕಷ್ಟ ಕಂಡರೆ ಅದು ಹೃದಯದ ತೊಂದರೆಯಿರಬಹುದು; ಒಡನೆಯೇ ಆಸ್ಪತ್ರೆಗೆ ಹೊರಡಿರಿ.

ತೋಟದಿಂದ ಹಿಂದಿರುಗಿದ ಹೆಂಡತಿಗೆ ಕೊಡವೂ ಸೌದೆಯೂ ಮಗುವೂ ಮನೆಯಲ್ಲಿ ಕಾದಿರುತ್ತವೆ. ದಿನವೆಲ್ಲ ಮೇಲೆತ್ತಿ ದಣಿದ ಅದೇ ಭುಜದ ಮೇಲೆಯೇ ಅವೆಲ್ಲವೂ ಬೀಳಬೇಕೇ? ಗಂಡನಾದವನು ಕೊಡವನ್ನು ತಾನೆತ್ತಿಕೊಂಡರೆ ಅದು ಕೇವಲ ಉಪಕಾರವಲ್ಲ, ಔಷಧವೂ ಹೌದು.